ಬಾಯಿ ಮುಚ್ಚಿದ ತಲೆ

ತಲೆಯನ್ನು ಕಾಕಾ ಕುಂಕುಮದ ಭರಣಿಯಲ್ಲಿಟ್ಟು ಕೊಟ್ಟರು. ಜೋಳದ ಕಾಳಿಗಿಂತ ಚೂರು ದೊಡ್ಡದಾದ, ಬೂದು ಬಣ್ಣದ ಪ್ಲಾಸ್ಟಿಕ್ ತಲೆ. ಕಾಲು, ಕೈ, ಎದೆ, ಕುದುರೆಯ ಅರ್ಧ ಬೆನ್ನು, ಹಿಡಿ ಮುರಿದ ಕತ್ತಿಗಳು ಎಲ್ಲ ಒಂದು ಹಳೆಯ ಬಿಸ್ಕೀಟ್ ಡಬ್ಬಿಯಲ್ಲಿ ಗಲಗಲ ಎನ್ನುತ್ತಿದ್ದವು. ತಲೆಗೆ ಮಾತ್ರ ಭರಣಿ, ಭರಣಿಯೊಳಗೆ ಹತ್ತಿ.

“ಡಬ್ಬ್ಯಾಗಿಂದು ಏನ ಕೆಟ್ರೂ ಚಿಂತಿಲ್ಲ ತಂಗೀ. ಇದೊಂದು ಜ್ವಾಕಿ,” ಎಂದರು.

“ನಾ ದಿನಾ ಮಂದಿ ಹಲ್ಲು ಮಾಡಾಕಿ ಇದ್ದೇನ್ರಿ ಕಾಕಾ. ಇದಕ್ಕಿಂತ ಸಣ್ಣದನ್ನ ಹಿಡದೇನಿ,” ಎಂದೆ. ಆ ಮಾತು ಈಗ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದು ಡೆಂಟಲ್ ಲ್ಯಾಬು. ಡಾಕ್ಟರುಗಳು ಕಳಿಸಿದ ಬಾಯಿಯ ಅಳತೆ ನೋಡಿ ಹಲ್ಲಿನ ಸೆಟ್ ಮಾಡಿಕೊಡುವುದು ಅಲ್ಲಿ ನನ್ನ ಕೆಲಸ. ರವಿವಾರ ಮಾತ್ರ ವಿದ್ಯಾನಗರದ ಒಂದು ಮನೆಯ ಮಹಡಿಯಲ್ಲಿ ನಾಲ್ಕೈದು ಜನ ಸೇರಿ ಮೇಜಿನ ಮೇಲೆ ಯುದ್ಧದ ಆಟ ಆಡುತ್ತೇವೆ. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರು. ಟೇಪು ಹಿಡಿದು ಅವರನ್ನು ನಡೆಸುವುದು, ದಾಳ ಉರುಳಿಸಿ ಹೊಡೆದಾಡಿಸುವುದು. ಯಾರದೋ ಸೈನಿಕನ ಮುರಿದ ಈಟಿಗೆ ಹಲ್ಲಿನ ತಂತಿ ಹಾಕಿಕೊಡಲು ಹೋದವಳು ನಾನು, ಅಲ್ಲೇ ಉಳಿದುಬಿಟ್ಟೆ. ಮೊದಲು ರಿಪೇರಿ ಮಾಡುತ್ತಿದ್ದೆ. ಆಮೇಲೆ ಸೈನಿಕರು ಬಿಡಿಬಿಡಿಯಾಗಿ ಬರುವ ಬೇರೆ ಬೇರೆ ಕಿಟ್ಟುಗಳಲ್ಲಿ ಉಳಿದ ಭಾಗಗಳನ್ನು ಕೂಡಿಸಿ, ಅಂಗಡಿಯಲ್ಲಿ ಸಿಗದಂಥ ಗೊಂಬೆ ಮಾಡಿಕೊಡತೊಡಗಿದೆ. ಕಾಕಾ ಆ ಗುಂಪಿನ ಹಿರಿಯರು, ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಸಂಬಂಧದಲ್ಲಿ ನಮ್ಮ ಯಾರಿಗೂ ಕಾಕಾ ಅಲ್ಲ, ಕರೆಯುವುದು ಮಾತ್ರ ಎಲ್ಲರೂ ಕಾಕಾ ಎಂದೇ.

ಅವರ ಸೈನ್ಯಕ್ಕೆ ಸೇನಾಪತಿ ಇರಲಿಲ್ಲ. ಕೋಟಿನ ಒಂದು ಕರಿ ಗುಂಡಿಯನ್ನು ಸೇನಾಪತಿ ಎಂದು ಇಟ್ಟುಕೊಂಡು ವರ್ಷಗಟ್ಟಲೆ ಆಡಿದರು. ನಾವು ಚ್ಯಾಷ್ಟಿ ಮಾಡಿದರೆ, “ತಡೀರಿ, ಅಂವಾ ನನ್ನ ತಲ್ಯಾಗ ಅದಾನ. ಕೈಗೆ ಇಳೀಬೇಕಷ್ಟ,” ಎನ್ನುತ್ತಿದ್ದರು. ಕೈಗೆ ಇಳಿಯುವ ಮೊದಲೇ ಕಣ್ಣು ಕೈಕೊಟ್ಟವು.

ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತ ಹೋಗುವ ರೋಗ. ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿನಲ್ಲಿ ಸುತ್ತೆಲ್ಲ ಕತ್ತಲಾಗಿ ನಡುವೆ ಒಂದು ತೂತಿನಷ್ಟು ನೋಟ ಉಳಿದಿತ್ತು. ಇನ್ನು ಆರು ವಾರಕ್ಕೆ ಆಪರೇಷನ್. ಮಾಡದಿದ್ದರೆ ಹೋಗುವುದು ಖಾತ್ರಿ. ಮಾಡಿದರೆ ಉಳಿಯಬಹುದು, ಆದರೆ ಇಷ್ಟು ಸವೆದ ನರ ಆಪರೇಷನ್ನಿನ ಪೆಟ್ಟಿಗೇ ಆರಿಹೋಗುವುದೂ ಉಂಟು ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಧಾರವಾಡದ ಕೆಲಗೇರಿಯ ಮನೆಯ ಪಡಸಾಲೆಯಲ್ಲಿ ಕೂತು ಕಾಕಾ ಅದನ್ನೆಲ್ಲ ನನಗೆ ಬೇರೆ ಯಾರದೋ ಸುದ್ದಿ ಎನ್ನುವಂತೆ ಹೇಳಿದರು.

“ನಿನ್ನ ಮಾರಿ ನನಗ ಕಂತಿನ್ಯಾಗ ಕಾಣತೈತಿ. ಮೂಗು ನೋಡಿದ್ರ ಬಾಯಿಲ್ಲ, ಬಾಯಿ ನೋಡಿದ್ರ ಮೂಗಿಲ್ಲ. ಇಕಿ ಎದುರಿಗೆ ಬಂದು ನಿಂತ್ರೂ ಅಷ್ಟ. ಇಡೀ ಮನಷ್ಯಾನ್ನ ಒಮ್ಮಿಗೆ ನೋಡಿ ಎರಡ ವರ್ಷ ಆತು.”

ಇಕಿ ಎಂದದ್ದು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಗೆ, ನಾವು ಕಾಕು ಎನ್ನುವವರಿಗೆ. ಆಮೇಲೆ ಡಬ್ಬಿಯ ಪಕ್ಕದಲ್ಲಿದ್ದ ಒಬ್ಬ ಈಟಿಗಾರನನ್ನು ಎತ್ತಿಕೊಂಡು, ತೋಳು ಚಾಚಿ, ಆಚೆ ಈಚೆ ಸರಿಸಿ ಒಂದು ಜಾಗದಲ್ಲಿ ಹಿಡಿದು ನಿಲ್ಲಿಸಿದರು.

“ಇಂವಾ ಪೂರ್ತಿ ಕಾಣತಾನ ನೋಡು. ತಲಿಯಿಂದ ಕಾಲತನಕಾ. ನನ್ನ ತೂತಿನ್ಯಾಗ ಇಷ್ಟ ಮನಷ್ಯಾ ಹಿಡೀತಾನ.”

ಆಪರೇಷನ್ನಿಗೆ ಮೊದಲು ಅವರಿಗೆ ಸೇನಾಪತಿ ಬೇಕಾಗಿದ್ದದ್ದು ಅದಕ್ಕೆ. ಆಡಲಿಕ್ಕಲ್ಲ, ನೋಡಲಿಕ್ಕೆ. ನಕ್ಷೆಯನ್ನೂ ಬರೆದು ಇಟ್ಟಿದ್ದರು: ಎದುರಿನಿಂದ, ಬದಿಯಿಂದ, ಮೇಲಿನಿಂದ, ಮೂರು ನೋಟ. ಗೆರೆಗಳು ಅಲ್ಲಲ್ಲಿ ಎರಡೆರಡು ಸಲ ಬಿದ್ದಿದ್ದವು. ಮಗುಚಿಟ್ಟ ನಗಾರಿಯ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆ. ಬಲಗಾಲಿನ ಬೂಟು ಕಳಚಿ ಬುಡಮೇಲು ಮಾಡಿ ಹಿಡಿದಿದ್ದಾನೆ. ಬರಿಗಾಲಿನ ಪಕ್ಕದಲ್ಲಿ ನೆಲದ ಮೇಲೆ ಒಂದು ಹರಳು ಬಿದ್ದಿದೆ.

“ಸೇನಾಪತಿ ಅಂದ್ರ ಎಲ್ಲಾರೂ ಕತ್ತಿ ಎತ್ತಿ ಒದರಾವ್ರನ್ನ ಮಾಡತಾರ. ನಮ್ಮಂವಾ ಬೂಟಿನ್ಯಾಗ ಸಿಕ್ಕ ಹರಳು ಝಾಡಿಸಿ ಒಗದಾನ,” ಎಂದು ಕಾಕಾ ನಕ್ಕರು. ಬದಿಯ ನೋಟದಲ್ಲಿ ಕಣ್ಣಿನಿಂದ ಹರಳಿನವರೆಗೆ ಒಂದು ಚುಕ್ಕೆಗೆರೆ ಎಳೆದಿದ್ದರು. ಅದರ ಮೇಲೆ ಬೆರಳು ಇಟ್ಟು, “ಅಂವಾ ಹರಳನ್ನ ನೋಡಾಕತ್ತಿರಬೇಕು. ಅಷ್ಟ ನನ್ನ ಕಂಡೀಷನ್,” ಎಂದರು.

ಭರಣಿಯ ತಲೆ ಯಾಕೆ ಬೇಕು ಎನ್ನುವುದು ಆಗ ತಿಳಿಯಿತು. ಈ ಆಟದ ಕಿಟ್ಟುಗಳಲ್ಲಿ ಬರುವ ತಲೆಗಳಿಗೆಲ್ಲ ಬಾಯಿ ತೆರೆದೇ ಇರುತ್ತದೆ. ಒಬ್ಬ ಒದರುತ್ತಿರುತ್ತಾನೆ, ಇನ್ನೊಬ್ಬ ಹಲ್ಲು ಕಿರಿಯುತ್ತಿರುತ್ತಾನೆ. ಸುಮ್ಮನೆ ಬಾಯಿ ಮುಚ್ಚಿ ಕೆಳಗೆ ನೋಡುವ ತಲೆ ಕಾಕಾ ಕೊಂಡ ಮೊಟ್ಟಮೊದಲ ಕಿಟ್ಟಿನಲ್ಲಿ ಒಂದೇ ಒಂದು ಇತ್ತು. ಆ ಕಿಟ್ಟು ಈಗ ಎಲ್ಲೂ ಸಿಗುವುದಿಲ್ಲ.

“ಮೂರ ವಾರದಾಗ ಕೊಡ್ತೇನ್ರಿ,” ಎಂದು ಭರಣಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಬಂದೆ.

ಕಾಲಿನಿಂದ ಶುರು ಮಾಡಿದೆ. ಕೂತವನಿಗೆ ಕುದುರೆ ಸವಾರನ ಕಾಲುಗಳೇ ಸರಿ, ಮೊಣಕಾಲು ಮೊದಲೇ ಮಡಚಿರುತ್ತವೆ ಎಂದು ನನ್ನ ಲೆಕ್ಕ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಉಳಿಯುವ ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, ನಗಾರಿಯ ಮೇಲೆ ಇಟ್ಟು ನೋಡಿದರೆ ತೊಡೆಗಳು ಇಷ್ಟಗಲ. ಕೆಳಗಿನ ಕುದುರೆಯನ್ನು ಯಾರೋ ಎಳೆದುಕೊಂಡು ಹೋದ ಹಾಗೆ ಕಾಣುತ್ತಿತ್ತು. ಸೊಂಟದ ಕೆಳಗೆ ಸಣ್ಣ ಗರಗಸ ಆಡಿಸಿ, ಕೂದಲೆಳೆಯಷ್ಟು ತೆಗೆದು, ಕೂಡಿಸಿ ನೋಡಿ, ಮತ್ತೆ ಕೂದಲೆಳೆಯಷ್ಟು ತೆಗೆದು, ಹೀಗೆ ಒಂದು ವಾರ ಹೋಯಿತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಸಂಜೆ ಲ್ಯಾಬಿನವರು ಹೋದ ಮೇಲಿನ ಒಂದು ತಾಸಿನಲ್ಲಿ ಮಾಡುತ್ತಿದ್ದೆ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಕಚ್ಚುವ ಹಾಗೆ ನೋಡುತ್ತಿದ್ದೆನಂತೆ.

ಒಂದು ದಿನ ಬಲಮೊಣಕಾಲಿನ ತುಂಡು ಚಿಮಟದಿಂದ ಚಿಮ್ಮಿತು. ನೆಲದ ಮೇಲೆಲ್ಲ ಪ್ಲಾಸ್ಟರ್ ಪುಡಿ. ಮೊಣಕಾಲೂರಿ ಬ್ರಷ್ ಹಿಡಿದು ಗುಡಿಸುತ್ತಿದ್ದಾಗ ಲ್ಯಾಬಿನ ಮಾಲೀಕರು ಬಂದರು.

“ಏನ್ರಿ ಬಾಯಾರ, ಯಾರ ಹಲ್ಲು ಕಳದ್ರಿ?”

“ಹಲ್ಲಲ್ರಿ, ಮೊಣಕಾಲು.”

ಅವರು ತಮ್ಮ ಕಾಲ ಕೆಳಗೆ ನೋಡಿಕೊಂಡು ಹೆಜ್ಜೆ ಎತ್ತಿಡುತ್ತ ಹೊರಗೆ ಹೋದರು. ತುಂಡು ಸಿಕ್ಕಿದ್ದು ಮರುದಿನ, ನನ್ನ ಏಪ್ರನ್ನಿನ ಕಿಸೆಯಲ್ಲಿ.

ಕಾಲು ಕೂಡಿಸಲು ಎರಡೂ ಕಡೆ ತೂತು ಕೊರೆದು ಹಲ್ಲಿಗೆ ಹಾಕುವ ಸ್ಟೀಲ್ ತಂತಿ ತುರುಕಿದೆ. ಮಷೀನು ಹಚ್ಚಿದರೆ ಆ ಬಿಸಿಗೇ ಈ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅದಕ್ಕೆ ಲ್ಯಾಬಿನ ಅತಿ ಸಣ್ಣ ಕೊರೆಕಡ್ಡಿಯನ್ನು ಬೆರಳಲ್ಲೇ ತಿರುಗಿಸಿದೆ. ಮೇಲೆ ಪ್ಲಾಸ್ಟಿಕ್ಕಿನ ಅಂಟು. ಹೆಸರಿಗೆ ಅಂಟು ಅಷ್ಟೇ, ಅದು ಎರಡೂ ಮುಖಗಳನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ. ಒಣಗಿದ ಮೇಲೆ ಎಲ್ಲಿ ಕೂಡಿತ್ತು ಎಂದು ಹುಡುಕಿದರೂ ತಿಳಿಯುವುದಿಲ್ಲ. ಅಂದರೆ ಈ ಪ್ಲಾಸ್ಟಿಕ್ಕಿಗೆ ಕರಗುವ ಸ್ವಭಾವವಿದೆ ಎನ್ನುವುದು ನನಗೆ ಗೊತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ.

ಬರಿಗಾಲು ಯಾವ ಕಿಟ್ಟಿನಲ್ಲೂ ಇರುವುದಿಲ್ಲ. ನಾದಿ ಬಿಟ್ಟರೆ ಕಲ್ಲಾಗುವ ಎರಡು ಬಣ್ಣದ ಪುಟ್ಟಿಯನ್ನು ಕಲಸಿ, ತಂತಿಯ ತುದಿಗೆ ಹಚ್ಚಿ, ಮೇಣ ಕೆತ್ತುವ ಉಪಕರಣದಿಂದ ನಾನೇ ಮಾಡಬೇಕಾಯಿತು. ಐದು ಬೆರಳು ಮಾಡಿದರೆ ಐದು ಹಲ್ಲು ಆದವು. ಕಿತ್ತು ಮತ್ತೆ ಮಾಡಿದೆ, ಮತ್ತೆ ಹಲ್ಲು. ಇಪ್ಪತ್ತು ವರ್ಷದ ಅಭ್ಯಾಸ ಕೈಯನ್ನು ಬಿಡುವುದಿಲ್ಲ. ನಾಲ್ಕನೆಯ ಸಲ ನನ್ನ ಚಪ್ಪಲಿ ಬಿಟ್ಟು, ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು, ನೋಡಿ ನೋಡಿ ಮಾಡಿದೆ. ಆಗ ಕಾಲಿನ ಹಾಗಾಯಿತು.

ಎರಡು ವಾರ ಕಳೆದಾಗ ಕಾಕಾ ಫೋನ್ ಮಾಡಿದರು. “ಎಲ್ಲಿ ಮಟಾ ಬಂತು ತಂಗೀ?”

“ಕಾಲು ಮುಗದಾವ್ರಿ. ಬೂಟು ನಡದೈತಿ.”

“ರವಿವಾರ ತಂದು ತೋರಸಲಾ. ಅರ್ಧಾ ಆಗಿದ್ರೂ ನಡೀತೈತಿ.”

“ಅರ್ಧಾ ನೋಡಿದ್ರ ಮಜಾ ಹೋಗತೈತ್ರಿ ಕಾಕಾ. ಪೂರ್ತಿ ಆದ ಮ್ಯಾಲೆ ನೋಡ್ರಿ.”

“ಆತು, ನಿನ್ನ ಕೆಲಸ ನಿನಗ ಗೊತ್ತು,” ಎಂದು ಇಟ್ಟರು.

ನನ್ನ ಕೆಲಸ ನನಗೆ ಗೊತ್ತಿತ್ತು. ಹಲ್ಲಿನ ಸೆಟ್ಟನ್ನು ನಾವು ಎಂದೂ ನೇರವಾಗಿ ಮುಗಿಸಿ ಕಳಿಸುವುದಿಲ್ಲ. ಮೊದಲು ಮೇಣದಲ್ಲಿ ಹಲ್ಲು ಜೋಡಿಸಿ ಟ್ರಯಲ್ ಕಳಿಸುತ್ತೇವೆ. ಪೇಶಂಟು ಅದನ್ನು ಬಾಯಿಗೆ ಇಟ್ಟುಕೊಂಡು, ಕನ್ನಡಿ ನೋಡಿ, ಹೂಂ ಎಂದ ಮೇಲೆಯೇ ಮೇಣ ತೆಗೆದು ಗಟ್ಟಿ ಮಾಲು ತುಂಬುವುದು. ಟ್ರಯಲ್ ಇಲ್ಲದೆ ಒಂದು ಸೆಟ್ಟೂ ಹೊರಗೆ ಹೋಗಬಾರದು ಎಂದು ಹೊಸಬರಿಗೆ ನಾನೇ ಬೈದು ಕಲಿಸುತ್ತೇನೆ. ಕಾಕಾಗೆ ಮಾತ್ರ ಮಜಾ ಹೋಗುತ್ತದೆ ಎಂದೆ. ಖರೇ ಹೇಳಬೇಕೆಂದರೆ ಮಜಾ ಬೇಕಾಗಿದ್ದದ್ದು ನನಗೆ. ಪೂರ್ತಿ ಆದದ್ದನ್ನು ಅವರ ಆ ತೂತಿನೊಳಗೆ ಹಿಡಿದು, ಅವರ ಮುಖ ನೋಡಬೇಕೆಂದು ನನಗೆ ಆಸೆ ಇತ್ತು.

ನಾಲ್ಕನೆಯ ವಾರಕ್ಕೆ ಕಾಲು, ಬೂಟು ಹಿಡಿದ ಕೈ, ಬಿಲ್ಲುಗಾರನ ಎದೆ ಎಲ್ಲ ಕೂಡಿ ಸೇನಾಪತಿ ಕೂತ. ನೆಲಕ್ಕೆ ಮರಳು ಅಂಟಿಸಿ, ಅದರಲ್ಲಿ ಒಂದು ದೊಡ್ಡ ಕಾಳು ಆರಿಸಿ ಹರಳು ಮಾಡಿದೆ. ಕೊನೆಗೆ ಭರಣಿ ತೆರೆದೆ. ಕೊರಳಿನಲ್ಲಿ ತಂತಿ ಹಾಕಿ, ನಕ್ಷೆಯ ಚುಕ್ಕೆಗೆರೆ ಹಿಡಿದು, ನೋಟ ಸರಿಯಾಗಿ ಹರಳಿನ ಮೇಲೆ ಬೀಳುವ ಹಾಗೆ ತಲೆ ಬಗ್ಗಿಸಿ ಅಂಟಿಸಿದೆ. ಭೂತಗನ್ನಡಿಯಲ್ಲಿ ನೋಡಿದೆ. ನಾನು ಅಲ್ಲಿಯವರೆಗೆ ಮಾಡಿದ ಯಾವ ಗೊಂಬೆಯೂ ಹಾಗೆ ಕೂತಿರಲಿಲ್ಲ. ದಣಿದ ಮನುಷ್ಯನೊಬ್ಬ, ಇಷ್ಟು ಹೊತ್ತು ಕಾಡಿದ್ದು ಇದೇನಾ ಎಂದು ಹರಳು ನೋಡುತ್ತ ಸುಮ್ಮನೆ ಕೂತಿದ್ದ. ಬಣ್ಣ ಬೇಡ, ಕರಿ ಬಣ್ಣ ಕದಡಿದ ಕರಿನೀರನ್ನು ನೆರಳು ಎದ್ದು ಕಾಣುವಷ್ಟು ತೆಳ್ಳಗೆ ಬಳಿದರೆ ಸಾಕು ಎಂದಿದ್ದರು ಕಾಕಾ. ಅದೊಂದೇ ಬಾಕಿ.

ಎಡಗೆನ್ನೆಯ ಮೇಲೆ ಚಿಮಟ ತಾಗಿ ಸಣ್ಣ ಗೀರು ಎದ್ದಿತ್ತು. ಮಧ್ಯಾಹ್ನದ ಹೊತ್ತು. ನನ್ನ ಎಡಕ್ಕೆ ಯಾರದೋ ಒಡೆದ ಹಲ್ಲಿನ ಸೆಟ್ಟು ರಿಪೇರಿಗೆ ಬಿದ್ದಿತ್ತು. ಅದರ ಪಕ್ಕದಲ್ಲಿ ಗಾಜಿನ ಬಟ್ಟಲಿನಲ್ಲಿ, ವಸಡು ಮಾಡುವ ಗುಲಾಬಿ ಪುಡಿಗೆ ಬೆರೆಸುವ ಲಿಕ್ವಿಡ್, ಅದರಲ್ಲಿ ಬ್ರಷ್. ಸೆಟ್ಟಿನ ಮೇಲೆ ಗೀರು ಕಂಡರೆ ನಾವು ಮಾಡುವುದು ಒಂದೇ, ಬ್ರಷ್ಷನ್ನು ಲಿಕ್ವಿಡ್ಡಿನಲ್ಲಿ ಅದ್ದಿ ಒಂದು ಸಲ ಸವರುವುದು. ಮೇಲ್ಮೈ ಮೆತ್ತಗಾಗಿ ಗೀರು ಮುಚ್ಚುತ್ತದೆ. ದಿನಕ್ಕೆ ಎಷ್ಟು ಸಲ ಮಾಡುತ್ತೇನೋ. ನನ್ನ ಕೈ ನನ್ನನ್ನು ಕೇಳಲಿಲ್ಲ, ಅದ್ದಿ ಸವರಿತು.

ಗೀರು ಹೋಯಿತು. ಕೆನ್ನೆ ಮಿಂಚಿತು. ಆಹಾ ಎಂದುಕೊಳ್ಳುವಷ್ಟರಲ್ಲಿ ಮೂಗು ಒಂದು ಕಡೆ ಕುಸಿಯಿತು. ಲಗೂನೆ ಒರೆಸಬೇಕೆಂದು ಹತ್ತಿ ಒತ್ತಿದೆ. ಅದು ಎರಡನೆಯ ತಪ್ಪು. ಹತ್ತಿ ಎತ್ತಿದಾಗ ಮುಖ ಹತ್ತಿಗೆ ಅಂಟಿಕೊಂಡು ಬಂತು. ಕೊರಳಿನ ಮೇಲೆ ಉಳಿದದ್ದು ಎಳೆ ಎಳೆ ಹತ್ತಿ ಹತ್ತಿದ ಬೂದು ಗಂಟು.

ಎಷ್ಟು ಹೊತ್ತು ಅದನ್ನೇ ನೋಡುತ್ತ ಕೂತಿದ್ದೆನೋ ಗೊತ್ತಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ ಎಂದುಕೊಂಡೆ. ಬಟ್ಟಲನ್ನು ಎತ್ತಿ ಒಗೆಯಬೇಕೆನಿಸಿತು, ಒಗೆದರೆ ಗುಡಿಸಬೇಕಾದವಳೂ ನಾನೇ. ಸಂಜೆ ಗರಗಸ ಹಿಡಿದು ಆ ಗಂಟನ್ನು ಕೊಯ್ದು ಭರಣಿಯಲ್ಲಿ ಹಾಕಿ ಮುಚ್ಚಿದೆ. ಕಾಕಾಗೆ ಆ ದಿನವೇ ಫೋನ್ ಮಾಡಬೇಕಿತ್ತು. ನಂಬರ್ ತೆಗೆದೆ, ಇಟ್ಟೆ. ನಾಳೆ ಮಾಡಿದರಾಯಿತು ಎಂದುಕೊಂಡೆ. ನಾಳೆಯ ಹೊತ್ತಿಗೆ ಬೇರೆ ತಲೆ ಮಾಡಿ ಕೂಡಿಸಿಬಿಟ್ಟರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎನ್ನುವ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಡಬ್ಬಿಯಲ್ಲಿದ್ದ ತಲೆಗಳನ್ನೆಲ್ಲ ಬಿಳಿ ಟೈಲ್ಸಿನ ಮೇಲೆ ಸಾಲಾಗಿ ಇಟ್ಟೆ. ಹನ್ನೊಂದು ತಲೆ, ಹನ್ನೊಂದು ತೆರೆದ ಬಾಯಿ. ಒಂದರ ಬಾಯಿಗೆ ಪುಟ್ಟಿ ತುಂಬಿ ಮುಚ್ಚಿದೆ. ಹಲ್ಲಿಲ್ಲದ ಮುದುಕನಾದ, ನಮ್ಮ ಲ್ಯಾಬಿಗೆ ಅಳತೆ ಕೊಡಲು ಬಂದವನಂತೆ. ಇನ್ನೊಂದರ ದವಡೆ ಕೊಯ್ದು ಮೇಲೆ ಎತ್ತಿ ಅಂಟಿಸಿದೆ. ಬಾಯಿ ಮುಚ್ಚಿತು, ಆದರೆ ಕಣ್ಣುಗಳು ಒದರುತ್ತಲೇ ಇದ್ದವು. ಒದರುವಾಗ ಹುಬ್ಬು, ಕೆನ್ನೆ, ಕೊರಳಿನ ನರ ಎಲ್ಲವೂ ಒದರುತ್ತವೆ ಎನ್ನುವುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಹೊಸ ತಲೆಯನ್ನೇ ಪುಟ್ಟಿಯಲ್ಲಿ ಮಾಡಲು ಹೋದೆ. ಬೇಸಿಗೆ ಏರುತ್ತಿತ್ತು, ಒಂದು ಕಣ್ಣು ತೀಡುವುದರೊಳಗೆ ಇನ್ನೊಂದು ಕಣ್ಣಿನ ಪುಟ್ಟಿ ಬಿಗಿಯುತ್ತಿತ್ತು. ಮುಗಿಸಬೇಕು ಎಂದಷ್ಟೂ ಕೈ ನಡುಗಿತು. ಮಾಡುವುದು, ನೋಡುವುದು, ಹಿಚುಕಿ ಒಗೆಯುವುದು.

ಕಾಕಾ ಮತ್ತೊಮ್ಮೆ ಫೋನ್ ಮಾಡಿದಾಗ, “ಪುಟ್ಟಿ ಒಣಗಾಕತ್ತೈತ್ರಿ,” ಎಂದೆ.

“ಭಾಳ ದಿನಾ ತಗೊಂಡಿತಲ್ಲ.”

“ಹೂಂನ್ರಿ, ಈ ಸಲದ ಮಾಲ ಛಲೋ ಇಲ್ಲ.”

ಮಾಲಿನ ಮೇಲೆ ಹಾಕಿದೆ. ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನನಗೇ ಆಶ್ಚರ್ಯ.

ಐದನೆಯ ವಾರ, ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಕಾಕು ಫೋನ್ ಮಾಡಿದರು. ಅವರು ಅದಕ್ಕಿಂತ ಮೊದಲು ನನಗೆ ಫೋನ್ ಮಾಡಿದವರಲ್ಲ.

“ಒತ್ತಡ ಏರೇತಂತವಾ. ಇನ್ನ ತಡಿಯಾಕ ಆಗೂದಿಲ್ಲ, ನಾಳೆ ಮುಂಜಾನೆನ ಆಪರೇಷನ್ ಅಂದಾರ. ಇವರು ಆವಾಗಿಂದ ನಿನ್ನ ಗೊಂಬಿದ ಜಪಾ ಹಚ್ಚ್ಯಾರ. ಇವತ್ತ ಸಂಜಿಕೆ ತಂದು ತೋರಸಾಕ ಆಗತೈತೇನು?”

ಗೊಂಬೆ ನನ್ನ ಎದುರಿಗೇ ಇತ್ತು. ಬೂಟಿತ್ತು, ಬೆರಳುಗಳಿದ್ದವು, ನಗಾರಿಯ ಹಗ್ಗದ ಗಂಟಿನವರೆಗೆ ಎಲ್ಲ ಇತ್ತು. ತಲೆ ಮಾತ್ರ ಇರಲಿಲ್ಲ. ಲ್ಯಾಬಿನಿಂದ ಐವತ್ತು ಹೆಜ್ಜೆಗೆ ಬಸ್ ಸ್ಟಾಪು, ಹತ್ತು ನಿಮಿಷಕ್ಕೊಂದು ಧಾರವಾಡದ ಬಸ್ಸು. ಬಿಸಿಲು ಇಳಿಯುವ ಮೊದಲೇ ಕೆಲಗೇರಿ ಮುಟ್ಟುತ್ತಿದ್ದೆ. ತಲೆಯಿಲ್ಲದೆ ಒಯ್ಯಬಹುದಿತ್ತು. ಡಬ್ಬಿಯ ಯಾವುದಾದರೂ ತಲೆಯನ್ನು ಮೇಣದಲ್ಲಿ ಹಚ್ಚಿಕೊಂಡು, ಕಾಕಾ ಇದು ಟ್ರಯಲ್ ಎನ್ನಬಹುದಿತ್ತು. ಇದೆಲ್ಲ ಆಮೇಲೆ ಹೊಳೆದದ್ದಲ್ಲ, ಫೋನ್ ಕಿವಿಗೆ ಇಟ್ಟುಕೊಂಡಾಗಲೇ ಹೊಳೆದಿತ್ತು. ಕುಂಕುಮದ ಭರಣಿಯ ತಲೆ ಎಲ್ಲಿ ಎಂದು ಕೇಳುತ್ತಾರೆ ಎನ್ನುವುದೂ ಜೊತೆಗೇ ಹೊಳೆಯಿತು.

“ಕರಿನೀರು ಇನ್ನಾ ಹಸಿ ಐತ್ರಿ ಕಾಕು, ಒಯ್ಯಾಕ ಬರೂದಿಲ್ಲ,” ಎಂದೆ. “ಆಪರೇಷನ್ ಆಗಲಿ. ಆಮ್ಯಾಲೆ ಇನ್ನೂ ಛಲೋ ಕಾಣತೈತಿ ಅಂತ ಹೇಳ್ರಿ.”

“ಆತವಾ, ಹೇಳತೇನಿ,” ಎಂದರು.

ಕಟ್ಟು ಬಿಚ್ಚಿದ ದಿನವೂ ಅವರೇ ಫೋನ್ ಮಾಡಿದರು. “ಬ್ಯಾಟರಿ ಹಿಡದ್ರೂ ಬೆಳಕ ಗೊತ್ತಾಗೂದಿಲ್ಲಂತ,” ಎಂದರು. ಅಷ್ಟೇ ಹೇಳಿದರು, ಗೊಂಬೆಯ ಸುದ್ದಿ ತೆಗೆಯಲಿಲ್ಲ. ನಾನು ಲ್ಯಾಬಿನ ಬಚ್ಚಲಿಗೆ ಹೋಗಿ ನಳ ಬಿಟ್ಟು ಅತ್ತೆ. ಅತ್ತು ಬಂದು ನಾಲ್ಕು ಸೆಟ್ಟಿನ ಟ್ರಯಲ್ ಕಟ್ಟಿ ಕಳಿಸಿದೆ.

ಆ ರವಿವಾರ ಮನೆಯ ಕಿಟಕಿಯ ಹತ್ತಿರ ಕೂತು ಪುಟ್ಟಿ ನಾದಿದೆ. ಒಂದೇ ಸಲಕ್ಕೆ ತಲೆ ಆಯಿತು. ಬಾಯಿ ಮುಚ್ಚಿತ್ತು, ರೆಪ್ಪೆ ಇಳಿದಿತ್ತು, ಹುಬ್ಬಿನ ನಡುವೆ ಸಣ್ಣದೊಂದು ಗೆರೆ ಕೂಡ ಬಂದಿತ್ತು. ನೋಡುವವರೇ ಇಲ್ಲ ಎಂದಾದ ಮೇಲೆ ಕೈ ನಡುಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅದೇ ಗುಂಗಿನಲ್ಲಿ ಕೊರಳಿಗೆ ತಂತಿ ಹಾಕಿ ತಲೆ ಕೂಡಿಸಿ, ಕರಿನೀರೂ ಬಳಿದುಬಿಟ್ಟೆ. ತಲೆ ಬದಲಾದದ್ದು ಅವರಿಗೆ ಹೇಗೆ ತಿಳಿಯಬೇಕು, ಹೇಳುವುದು ಬೇಡ ಎಂದು ಗಟ್ಟಿ ಮಾಡಿಕೊಂಡೇ ಮರುದಿನ ಕೆಲಗೇರಿಗೆ ಹೊರಟೆ.

ಕಾಕಾ ಅದೇ ಪಡಸಾಲೆಯಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದರು. ಕರಿ ಕನ್ನಡಕ ಹಾಕಿದ್ದರು. ಗೊಂಬೆಯನ್ನು ಅಂಗೈಯಲ್ಲಿ ಇಟ್ಟೆ. ತೋಳು ಚಾಚಿ ಒಂದು ಜಾಗದಲ್ಲಿ ಹಿಡಿದರು. ಕೈ ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ತಾನೇ ಕೆಳಗೆ ಬಂತು. ನಾನು ಕಾಕುವಿನ ಕಡೆ ನೋಡಲಿಲ್ಲ.

ತೋರುಬೆರಳ ಉಗುರಿನಿಂದ ಕೆಳಗಿನಿಂದ ಮೇಲಕ್ಕೆ ಹೋದರು. “ನಗಾರಿ. ಕಾಲು ಕುದರಿ ಸವಾರಂದು. ತೊಡಿ ಕೂಡಿಸೀದಿ, ಗೊತ್ತ ಆಗೂದಿಲ್ಲ. ಇದು ಬೂಟು. ಬೆರಳು ಒಂದು, ಎರಡು… ಐದೂ ಮಾಡೀಯಲ್ಲವಾ.” ಅವರ ತುಟಿಯ ಮೇಲೆ ನಗು ಬಂತು. “ಎದಿ ಬಿಲ್ಲುಗಾರಂದು, ಬತ್ತಳಿಕಿ ಪಟ್ಟಿ ಕೆರದೀದಿ.” ಡಬ್ಬಿಯ ಒಂದೊಂದು ತುಂಡೂ ಅವರ ಬೆರಳಿಗೆ ಗುರುತಿತ್ತು. ಉಗುರು ತಲೆ ಮುಟ್ಟಿತು. ಕೆನ್ನೆ, ಬಾಯಿ, ಕಿವಿ. ಎಡಗಿವಿಗೆ ಮತ್ತೆ ಬಂತು. ಮತ್ತೊಮ್ಮೆ ಬಂತು.

“ಇದು ನಂದಲ್ಲ,” ಎಂದರು. “ನನ್ನ ತಲಿಗೆ ಎಡಗಿವಿ ಮ್ಯಾಲೆ ಒಂದು ಕಚ್ಚ ಇತ್ತು. ಕಿಟ್ಟಿನಿಂದ ಬಿಡಸೂ ಮುಂದ ನಾನ ಬ್ಲೇಡ್ ತಾಗಿಸಿದ್ದು.”

ಭೂತಗನ್ನಡಿ ಹಾಕಿಕೊಂಡು ವಾರಗಟ್ಟಲೆ ನೋಡಿದ ನಾನು ಆ ಕಚ್ಚು ಕಂಡಿರಲಿಲ್ಲ. ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. ಲಿಕ್ವಿಡ್ಡು, ಹತ್ತಿ, ಹನ್ನೊಂದು ತಲೆ ಎಲ್ಲ ಹೇಳಿದೆ. ಪರ್ಸಿನಿಂದ ಭರಣಿ ತೆಗೆದು ಅವರ ಕೈಗೆ ಇಟ್ಟೆ. ಅವರು ತೆರೆಯದೆ ಕಾಕುವಿನ ಕಡೆ ಚಾಚಿದರು.

“ಯಾವಾಗ ಕೆಡಿಸಿದಿ?”

“ನಾಕನೇ ವಾರದಾಗ್ರಿ.”

“ಅಂದ್ರ ಇಕಿ ನಿನಗ ಫೋನ್ ಹಚ್ಚಿದ ದಿನಾ, ಉಳದದ್ದೆಲ್ಲಾ ತಯಾರಿತ್ತು?”

“ಇತ್ರಿ.”

“ಬೂಟು?”

“ಬೂಟೂ ಇತ್ರಿ.”

“ಹರಳು?”

“ಹರಳೂ.”

ಕಾಕು ಭರಣಿಯನ್ನು ಸೆರಗಿನಿಂದ ಸುಮ್ಮನೆ ಒರೆಸುತ್ತ ನಿಂತಿದ್ದರು.

“ತಲಿ ಇಲ್ದನೂ ನೋಡತಿದ್ನಲ್ಲವಾ,” ಎಂದರು ಕಾಕಾ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಲೆಕ್ಕ ತಪ್ಪಿದ ನಕ್ಷೆಯನ್ನು ಕಿರಿಯರಿಗೆ ತೋರಿಸುವವರ ದನಿಯಲ್ಲಿ ಹೇಳಿದರು. ನಾನು ತಪ್ಪಾಯಿತು ಎಂದೆ.

ಆಮೇಲೆ, “ಹೇಳು. ಹೆಂಗ ಕಾಣತಾನ?” ಎಂದರು.

“ನಗಾರಿ ಮ್ಯಾಲೆ ಕುಂತಾನ್ರಿ. ಬೂಟು ಬುಡಮೇಲಾ ಮಾಡಿ ಹಿಡದಾನ…”

“ಅದು ನಾ ಬರದದ್ದು. ನೀ ಏನ ಮಾಡೀದಿ ಅದನ್ನ ಹೇಳು.”

ಗೊಂಬೆಯನ್ನು ಅವರ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಕಾಲಿನ ಹೆಬ್ಬೆಟ್ಟು ದಪ್ಪವಾಗಿದೆ ಎಂದೆ. ಎಡಭುಜ ಬಲಕ್ಕಿಂತ ಚೂರು ಎತ್ತರವಿದೆ, ಕರಿನೀರು ಮಡಚಿನಲ್ಲಿ ಹೆಚ್ಚು ನಿಂತಿದೆ, ಮುಖದಲ್ಲಿ ದಣಿವು ಬಂದಿದೆ, ಸಿಟ್ಟಿಲ್ಲ ಎಂದೆ. ಒಂದೊಂದಕ್ಕೂ ಅವರು ತಲೆ ಆಡಿಸಿದರು.

“ಹರಳು ನೋಡಾಕತ್ತಾನೇನು?”

ಬಗ್ಗಿ ನೋಡಿದೆ. ಕಣ್ಣಿನಿಂದ ಗೆರೆ ಎಳೆದುಕೊಂಡು ನೋಡಿದೆ. ಆ ರವಿವಾರ ತಲೆ ಕೂಡಿಸುವಾಗ ನಕ್ಷೆ ಲ್ಯಾಬಿನಲ್ಲೇ ಇತ್ತು. ಅಂದಾಜಿನ ಮೇಲೆ ಬಗ್ಗಿಸಿದ್ದೆ. ಹೌದು ಎಂದರೆ ಮುಗಿಯುತ್ತಿತ್ತು.

“ಇಲ್ರಿ ಕಾಕಾ,” ಎಂದೆ. “ಹರಳಿನ ಬಾಜೂಕ ನೋಡಾಕತ್ತಾನ. ತಪ್ಪೇತಿ.”

“ಎಷ್ಟು?”

“ಒಂದು ಅಕ್ಕಿಕಾಳಿನಷ್ಟು.”

ಅವರು ಕೈ ಚಾಚಿದರು. ಗೊಂಬೆಯನ್ನು ಕೊಟ್ಟೆ. ಉಗುರಿನಿಂದ ನೆಲದ ಮರಳನ್ನು ತಡವರಿಸಿ, ಹರಳು ಸಿಕ್ಕಲ್ಲಿ ಬೆರಳು ನಿಲ್ಲಿಸಿದರು.

“ಇರಲಿ ಬಿಡು,” ಎಂದರು. “ಅಂವಾನೂ ಹುಡಕ್ಲಿ.”